ಸ್ಕ್ಯಾನ್ ಬರೆಯಲಿಲ್ಲ ಅಂತ ಡಾಕ್ಟರನ್ನು ಬದಲಿಸಬೇಡಿ

ತಿಪಟೂರು ಕಡೆಯ ಓದುಗರೊಬ್ಬರ ಪತ್ರ: "ಡಿಗ್ರಿ ಓದುವ ಮಗಳು ನಾಲ್ಕು ತಿಂಗಳಿಂದ ಮಂಕಾಗಿದ್ದಾಳೆ. ಊಟ ಸೇರುವುದಿಲ್ಲ, ಕಾಲೇಜಿಗೆ ಹೋಗುವುದಿಲ್ಲ. ಮನೋವೈದ್ಯರಿಗೆ ತೋರಿಸಿದೆ. ಮುಕ್ಕಾಲು ಗಂಟೆ ಬರೀ ಮಾತಾಡಿಸಿ ಮಾತ್ರೆ ಬರೆದುಕೊಟ್ಟರು. ಅವಳು ಬಾಯಿ ಬಿಡಲಿಲ್ಲ, ಉತ್ತರವನ್ನೆಲ್ಲ ನಾನೇ ಹೇಳಿದೆ. ಒಂದು ಸ್ಕ್ಯಾನ್ ಕೂಡ ಮಾಡಿಸಲಿಲ್ಲ. ದುಃಖ, ಭಯ, ನೆನಪು ಎಲ್ಲ ಮೆದುಳಿನ ಚಿತ್ರದಲ್ಲಿ ಕಾಣುತ್ತದೆ ಅಂತ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಲೇ?"

ಉತ್ತರ: ಮಗಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಿರಲ್ಲ, ಮೊದಲು ಅದಕ್ಕೆ ಶಹಬ್ಬಾಸ್. ಎಷ್ಟೋ ಮನೆಗಳಲ್ಲಿ ತಾಯಿತ ಕಟ್ಟಿಸಿ, ಹರಕೆ ಹೊತ್ತು ವರ್ಷ ಕಳೆದುಬಿಡುತ್ತಾರೆ. ಆದರೆ ಪತ್ರದ ಉಳಿದ ಭಾಗ ಓದಿ ಸಂಕಟವಾಯಿತು. 'ಬರೀ ಮಾತಾಡಿಸಿ' ಅಂತ ಬರೆದಿದ್ದೀರಿ. ಆ 'ಬರೀ' ಅನ್ನುವುದರ ಮೇಲೇ ನನ್ನ ತಕರಾರು.

ನಮ್ಮ ದೊಡ್ಡಪ್ಪನ ಕಥೆ ಹೇಳುತ್ತೇನೆ. ಅರವತ್ತೆರಡನೇ ವಯಸ್ಸಿನಲ್ಲಿ ಅವರು ತೋಟಕ್ಕೆ ಹೋಗುವುದು ಬಿಟ್ಟರು. ಮೊಮ್ಮಗು ಹತ್ತಿರ ಬಂದರೂ ಎತ್ತಿಕೊಳ್ಳುತ್ತಿರಲಿಲ್ಲ. ಮನೆಯವರು ಸಾಲ ಮಾಡಿ ತಲೆಯ ಎಂಆರ್‌ಐ ಮಾಡಿಸಿದರು. ಚಿಕ್ಕಪ್ಪ ಆ ಕಪ್ಪು ಫಿಲಂ ಅನ್ನು ಪಡಸಾಲೆಯ ಕಿಟಕಿಗೆ ಹಿಡಿದು ನೋಡಿದರು. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಇತ್ತು. "ತಲೆಯಲ್ಲಿ ಏನೂ ಇಲ್ಲ, ಎಲ್ಲ ನಾಟಕ" ಅಂದುಬಿಟ್ಟರು. ದೊಡ್ಡಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಆಮೇಲೆ ಐದು ತಿಂಗಳು ಯಾರೂ ಅವರನ್ನು ಯಾವ ಡಾಕ್ಟರಿಗೂ ತೋರಿಸಲಿಲ್ಲ.

ಕೊನೆಗೆ ನಾನೇ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಸ್ಕ್ಯಾನಿನ ದೊಡ್ಡ ಕವರನ್ನು ತೆಗೆದು ನೋಡಿ ಪಕ್ಕಕ್ಕಿಟ್ಟರು.

"ಯಜಮಾನ್ರೇ, ಬೆಳಗ್ಗೆ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ?"

"ಮೂರೂವರೆ."

"ಆಮೇಲೆ?"

"ಹಾಲು ಕರೆಯೋ ಹೊತ್ತಿನ ತನಕ ಜಂತೆ ಎಣಿಸ್ತಾ ಮಲಗಿರ್ತೀನಿ. ಇನ್ನೊಂದು ದಿನ ಬಂತಲ್ಲಪ್ಪಾ ಅನಿಸುತ್ತೆ."

ಅಷ್ಟು ದಿನ ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೊತ್ತಿಗೆ ಮುಂಚೆ ಎಚ್ಚರವಾಗುವುದು, ಬೆಳಗ್ಗೆಯೇ ಜಾಸ್ತಿ ಭಾರ ಅನಿಸುವುದು ಖಿನ್ನತೆಯ ಹಳೆಯ ಗುರುತು. ಅದು ಯಾವ ಫಿಲಂನಲ್ಲೂ ಮೂಡುವುದಿಲ್ಲ.

ಸ್ಕ್ಯಾನೇ ಬೇಡ ಅನ್ನುತ್ತಿಲ್ಲ. ಗೆಡ್ಡೆ, ರಕ್ತಸ್ರಾವ, ಲಕ್ವ, ಫಿಟ್ಸ್ ಇದ್ದಾಗ ಅದು ಜೀವ ಉಳಿಸುತ್ತದೆ. ಅಂಥ ಅನುಮಾನ ಬಂದರೆ ಡಾಕ್ಟರೇ ಬರೆದುಕೊಡುತ್ತಾರೆ. ಆದರೆ ಒಬ್ಬರಿಗೆ ಖಿನ್ನತೆ ಇದೆಯೋ ಇಲ್ಲವೋ ಅಂತ ಹೇಳುವ ಸ್ಕ್ಯಾನ್ ಇವತ್ತಿಗೂ ಇಲ್ಲ.

ನಾವು ಅಚ್ಚು ಹಾಕಿದ್ದ ಕೆಂಪು-ಹಳದಿ ಚಿತ್ರ ಎಫ್‌ಎಂಆರ್‌ಐನದು, ಅಂದರೆ ಮೆದುಳು ಕೆಲಸ ಮಾಡುತ್ತಿರುವಾಗಲೇ ತೆಗೆಯುವ ಎಂಆರ್‌ಐನದು. 1990ರಲ್ಲಿ ಸೇಜಿ ಒಗಾವ ಎಂಬ ಜಪಾನಿ ವಿಜ್ಞಾನಿ ಇದಕ್ಕೆ ದಾರಿ ಮಾಡಿಕೊಟ್ಟರು. ಮೆದುಳಿನ ಒಂದು ಜಾಗ ಜಾಸ್ತಿ ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ನುಗ್ಗುತ್ತದೆ. ಯಂತ್ರ ಹಿಡಿಯುವುದು ಆ ರಕ್ತದ ಏರಿಳಿತವನ್ನು, ಅದೂ ಕೆಲವು ಸೆಕೆಂಡು ತಡವಾಗಿ. ಬಣ್ಣ ಆಮೇಲೆ ಕಂಪ್ಯೂಟರಿನಲ್ಲಿ ಹಚ್ಚುವುದು. ಪತ್ರಿಕೆಗಳಲ್ಲಿ ಬರುವ ಚಿತ್ರ ಸಾಮಾನ್ಯವಾಗಿ ಹತ್ತಾರು ಜನರ ಸರಾಸರಿ. ಅದನ್ನು ನೋಡಿ ನಿಮ್ಮ ಮಗಳ ಬಗ್ಗೆ ಏನು ಹೇಳಲು ಆಗುತ್ತದೆ?

2009ರಲ್ಲಿ ಅಮೆರಿಕದ ಮೆದುಳು ವಿಜ್ಞಾನಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸತ್ತ ಮೀನಿನ ಮೆದುಳಿನಲ್ಲೂ ಚುಕ್ಕಿ ಬೆಳಗಿತು! ಸಾವಿರಾರು ಚುಕ್ಕಿಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಕೆಲವು ಸುಮ್ನೆ ಬೆಳಗುತ್ತವೆ, ಲೆಕ್ಕವನ್ನು ಸರಿಯಾಗಿ ತಿದ್ದದಿದ್ದರೆ ಮೋಸ ಹೋಗುತ್ತೀರಿ ಅಂತ ಅವರು ತಮ್ಮವರಿಗೇ ಎಚ್ಚರಿಕೆ ಕೊಟ್ಟರು. ನನಗೆ ಅವರ ಮೇಲೆ ತುಂಬಾ ಗೌರವ.

ನೆನಪಿನ ವಿಷಯವನ್ನೇ ತೆಗೆದುಕೊಳ್ಳಿ. ಹೆನ್ರಿ ಮೊಲೈಸನ್ ಎಂಬ ಅಮೆರಿಕದವನಿಗೆ 1953ರಲ್ಲಿ ಫಿಟ್ಸ್ ನಿಲ್ಲಿಸಲು ಮೆದುಳಿನ ಆಪರೇಷನ್ ಮಾಡಿದರು. ಆಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನ ಎದುರು ಕೂತು, ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯನ್ನು ಪೆನ್ಸಿಲ್‌ನಿಂದ ತಿದ್ದಲು ಹೇಳಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದೆ ತಿದ್ದಿದ್ದೇ ಅವನಿಗೆ ನೆನಪಿಲ್ಲ! ಕೈಯ ಕಲಿಕೆ ಬೇರೆ, ಘಟನೆಗಳ ನೆನಪು ಬೇರೆ ಅಂತ ಗೊತ್ತಾಗಿದ್ದು ಹೀಗೆ. ಆಗ ಸ್ಕ್ಯಾನ್ ಯಂತ್ರವೇ ಹುಟ್ಟಿರಲಿಲ್ಲ. ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ತಾಳ್ಮೆಯಿಂದ ನೋಡಿದವರು ಇದ್ದರು, ಅಷ್ಟೆ.

ಮನುಷ್ಯ ಬಾಯಿಬಿಟ್ಟು ಹೇಳಿದ್ದು ಸುಳ್ಳಿರಬಹುದು, ಯಂತ್ರ ಹೇಳಿದ್ದೇ ನಿಜ ಅನ್ನುವ ಈ ನಂಬಿಕೆ ಕೋರ್ಟಿನವರೆಗೂ ಹೋಗಿತ್ತು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ, ತಲೆಗೆ ಎಲೆಕ್ಟ್ರೋಡ್ ಹಾಕಿ ತೆಗೆದ 'ನೆನಪಿನ' ವರದಿಯನ್ನೂ ಸಾಕ್ಷಿಯಾಗಿ ಒಪ್ಪಿಕೊಂಡಿತು. 2010ರಲ್ಲಿ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ಮಾಡಕೂಡದು ಎಂದಿತು. ಕೋರ್ಟು ಎಚ್ಚೆತ್ತುಕೊಂಡಿತು. ನಮ್ಮ ಮನೆಗಳು ಎಚ್ಚೆತ್ತಿಲ್ಲ. ಸ್ಕ್ಯಾನಿಗೆ ಸಾವಿರಾರು ರೂಪಾಯಿ ಎಣಿಸುವಾಗ ಯಾರೂ ಗೊಣಗುವುದಿಲ್ಲ. ಮುಕ್ಕಾಲು ಗಂಟೆ ಕಿವಿಗೊಟ್ಟು ಕೇಳಿದ ಡಾಕ್ಟರ ಬಗ್ಗೆ ಮಾತ್ರ 'ಸುಮ್ನೆ ಮಾತಾಡಿಸಿ ಫೀಸ್ ತಗೊಂಡ್ರು' ಅನ್ನುತ್ತೇವೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವವರೇ ಜಾಸ್ತಿ ಆಗಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ ಅಲ್ವಾ?

1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು ತರಬೇತಿ ಕೊಟ್ಟರು. ಹಳ್ಳಿಯಲ್ಲಿ ಯಂತ್ರ ಎಲ್ಲಿಂದ ಬರಬೇಕು? ಏನು ಕೇಳಬೇಕು, ಏನು ಗಮನಿಸಬೇಕು ಅನ್ನುವುದೇ ಬಂಡವಾಳ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯೇ ಮಾದರಿ.

ಆದ್ದರಿಂದ ಬೆಂಗಳೂರಿನ ಬಸ್ಸು ಹತ್ತಬೇಡಿ. ಅದೇ ಡಾಕ್ಟರ ಹತ್ತಿರ ಮತ್ತೆ ಹೋಗಿ. ನಿಮ್ಮ ಸ್ಕ್ಯಾನಿನ ಅನುಮಾನವನ್ನು ಅವರಿಗೇ ಹೇಳಿ, ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಮಧ್ಯರಾತ್ರಿ ಗಾಬರಿಯಾದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ವಿಷಯ. ಉತ್ತರವನ್ನೆಲ್ಲ ನೀವೇ ಹೇಳಿದಿರಿ ಅಂತ ಬರೆದಿದ್ದೀರಿ. ಈ ಸಲ ಮಗಳನ್ನು ಒಳಗೆ ಕಳಿಸಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.