ರಕ್ತದ ಗುಂಪಿನ ಪಾಠ, ಅಪ್ಪನ ದೂರು

ಹತ್ತನೇ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠ ನಡೆಯುವ ಹೊತ್ತಿಗೆ ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಕಿವಿಹಾಲೆಯೋ ಕಣ್ಣಿನ ಬಣ್ಣವೋ ರಕ್ತದ ಗುಂಪೋ, ಯಾವುದೋ ಒಂದು ಮನೆಗೆ ಹೋಗಿ ಕಿಡಿ ಹೊತ್ತಿಸಿರುತ್ತದೆ. ಇದು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯದು. ಗುರುತು ಸಿಗಬಾರದೆಂದು ಗುಂಪಿನ ಅಕ್ಷರಗಳನ್ನೂ ಬದಲಿಸಿದ್ದೇನೆ. ಲೆಕ್ಕ ಮಾತ್ರ ಅದೇ.

ಪುಸ್ತಕದಲ್ಲಿ ಒಂದು ಪ್ರಶ್ನೆ ಇದೆ: ಎ ಗುಂಪಿನ ಗಂಡಸು ಒ ಗುಂಪಿನ ಹೆಂಗಸನ್ನು ಮದುವೆಯಾಗಿ, ಮಗಳದ್ದು ಒ ಆದರೆ, ಯಾವ ಲಕ್ಷಣ ಪ್ರಬಲ ಎಂದು ಇಷ್ಟರಿಂದಲೇ ಹೇಳಬಹುದೇ? ಮಕ್ಕಳಿಗೆ ಚೆನ್ನಾಗಿ ಅರ್ಥವಾಗಲಿ ಎಂದು ಟೀಚರ್, ಅಪ್ಪ ಅಮ್ಮನ ಗುಂಪು ಬರೆದುಕೊಂಡು ಬರಲು ಹೇಳಿ ಚಾರ್ಟ್ ಮಾಡಿಸಿದರು. ಒಬ್ಬ ಹುಡುಗಿಯ ಸಾಲಿನಲ್ಲಿ ಅಪ್ಪ ಒ, ಅಮ್ಮ ಬಿ, ಅವಳು ಎ. ಹಿಂದಿನ ಬೆಂಚಿನವನೊಬ್ಬ ‘ಎ ಎಲ್ಲಿಂದ ಬಂತು ಮಿಸ್?’ ಎಂದ. ಟೀಚರ್ ‘ಹಾಗೆ ಬರೋಕೆ ಸಾಧ್ಯ ಇಲ್ಲ’ ಎಂದು ಮುಂದಿನ ಸಾಲಿಗೆ ಹೋದರು. ನಾಲ್ಕನೇ ದಿನ ಅಪ್ಪನ ದೂರು ಮುಖ್ಯಶಿಕ್ಷಕರಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಹೋಯಿತು: ನನ್ನ ಮಗಳು ನನ್ನ ಮಗಳಲ್ಲ ಅಂತ ಶಾಲೆಯಲ್ಲಿ ಪಾಠ ಮಾಡಿದ್ದಾರೆ. ಸಮಜಾಯಿಷಿ ಕೇಳಿ ಮೆಮೊ ಬಂತು.

ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಟೀಚರ್ ಪರಿಹಾರವನ್ನು ಜೊತೆಗೇ ತಂದಿದ್ದರು. ‘ಮೂರು ಜನಾನೂ ಹಾಸನಕ್ಕೆ ಕರ್ಕೊಂಡು ಹೋಗಿ ಮತ್ತೆ ಟೆಸ್ಟ್ ಮಾಡಿಸ್ತೀನಿ ಸರ್, ಖರ್ಚು ನಂದೇ. ಕಾರ್ಡಲ್ಲೇ ತಪ್ಪಿದೆ ಅಂತ ಸಾಬೀತಾಗಿಬಿಡುತ್ತೆ.’

‘ಆಗದೇ ಇದ್ರೆ?’ ಎಂದೆ.

ಅವರು ಆ ದಾರಿಯಲ್ಲಿ ಯೋಚಿಸಿಯೇ ಇರಲಿಲ್ಲ. ಆ ಗಂಟೆಯ ಉಳಿದ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು. ಕಾರ್ಡಿನಲ್ಲಿ ತಪ್ಪಿರುವ ಸಾಧ್ಯತೆಯೇ ಹೆಚ್ಚು ಎಂಬುದು ನಿಜ. ಅಪ್ಪ ತನ್ನ ಗುಂಪನ್ನು ನೋಡಿ ಬರೆಸಿದ್ದು ಡ್ರೈವಿಂಗ್ ಲೈಸೆನ್ಸಿನಿಂದ. ಅಲ್ಲಿ ನಾವು ಹೇಳಿದ ಗುಂಪೇ ಅಚ್ಚಾಗುವುದು ಸಾಮಾನ್ಯ. ಮಗಳದ್ದು ಆರೋಗ್ಯ ಶಿಬಿರದ ಕಾರ್ಡ್. ಶಿಬಿರದಲ್ಲಿ ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತಕ್ಕೆ ಆ್ಯಂಟಿ-ಎ, ಆ್ಯಂಟಿ-ಬಿ, ಆ್ಯಂಟಿ-ಡಿ ದ್ರಾವಣ ಬೆರೆಸಿ, ಹೆಪ್ಪುಗಟ್ಟಿದಂತೆ ಗುಂಪುಗೂಡುತ್ತದೆಯೇ ಎಂದು ನೋಡುತ್ತಾರೆ. ಒಂದೇ ಕಡ್ಡಿಯಲ್ಲಿ ಮೂರನ್ನೂ ಕಲಸಿದರೆ, ಅಥವಾ ತಡವಾಗಿ ನೋಡಿ ಅಂಚು ಒಣಗಿದ್ದರೆ ತಪ್ಪು ಓದುತ್ತಾರೆ. ಹೆಸರುಗಳ ಪಟ್ಟಿಯಲ್ಲಿ ಒಂದು ಸಾಲು ಜಾರಿದರಂತೂ ಅಲ್ಲಿಂದ ಕೆಳಗಿನವರ ಕಾರ್ಡೆಲ್ಲ ತಪ್ಪು. ರಕ್ತನಿಧಿಯಲ್ಲಿ ಕೆಂಪುಕಣವನ್ನೂ ಸೀರಮ್ಮನ್ನೂ ಎರಡು ಕಡೆಯಿಂದ ತಾಳೆ ನೋಡುವುದು ಇದಕ್ಕೇ. ಇನ್ನು ಎ ಗುಂಪಿನ ದುರ್ಬಲ ಉಪಗುಂಪುಗಳು ಒ ಎಂದು ಕಾಣಬಹುದು. 1952ರಲ್ಲಿ ಗುರುತಿಸಿದ ಬಾಂಬೆ ಗುಂಪಿನವರಂತೂ ಸಾಮಾನ್ಯ ಪರೀಕ್ಷೆಯಲ್ಲಿ ಒ ಎಂದೇ ಬರುತ್ತಾರೆ, ಒಳಗೆ ಎ ಜೀನ್ ಇದ್ದರೂ. ಹಾಗಾಗಿ ‘ಸಾಧ್ಯವೇ ಇಲ್ಲ’ ಎಂಬ ಮಾತು ವಿಜ್ಞಾನದ ದೃಷ್ಟಿಯಿಂದಲೂ ಹೆಚ್ಚಾಯಿತು.

ಇಷ್ಟಿದ್ದರೂ, ಮರುಪರೀಕ್ಷೆಯಲ್ಲಿ ಎಲ್ಲ ಸರಿಹೋಗುತ್ತದೆಂದು ಮಾತು ಕೊಡುವ ಹಕ್ಕು ಟೀಚರಿಗಿಲ್ಲ. ಆ ಮನೆಯಲ್ಲಿ ದತ್ತು ಇರಬಹುದು, ಮೊದಲ ಮದುವೆಯ ಮಗು ಇರಬಹುದು, ಯಾರೂ ಮಾತಾಡದ ಇನ್ನೇನೋ ಇರಬಹುದು. ಟೀಚರ್ ಮುಂದೆ ನಿಂತು ಮಾಡಿಸಿದ ಪರೀಕ್ಷೆಯಲ್ಲಿ ಅದೇ ಅಕ್ಷರ ಬಂದರೆ ಆ ತಾಯಿಗೆ ಏನಾಗುತ್ತದೆ? ನನಗೆ ಅಪ್ಪನ ಸಿಟ್ಟಿಗಿಂತ ಹೆಚ್ಚು ಯೋಚನೆಯಾದದ್ದು ಆಕೆಯದು. ಹುಡುಗಿಯ ಮುಖ ಮಂಕಾದರೆ, ಮೈಮೇಲೆ ಗಾಯ ಕಂಡರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಹಿಳಾ ಸಹಾಯವಾಣಿ 181 ತಾಯಿಗೂ ಗೊತ್ತಿರಲಿ ಎಂದು ಮೊದಲು ಹೇಳಿದ್ದು ಇದನ್ನೇ.

ಎರಡನೆಯದು ಚಾರ್ಟ್. ಅದು ಇನ್ನೂ ಗೋಡೆಯ ಮೇಲಿತ್ತು, ಹೆಸರುಗಳ ಸಮೇತ. ಅಂದೇ ಇಳಿಸಿ ಎಂದೆ. ಆ ಒಂದು ಸಾಲನ್ನು ಮಾತ್ರ ಅಳಿಸಿದರೆ ಅದೇ ಹುಡುಗಿಯನ್ನು ಬೊಟ್ಟು ಮಾಡಿ ತೋರಿಸಿದಂತಾಗುತ್ತದೆ, ಇಡೀ ಚಾರ್ಟೇ ಹೋಗಬೇಕು.

ಸಮಜಾಯಿಷಿ ಒಂದೇ ಹಾಳೆ ಇರಲಿ, ಮುಖ್ಯಶಿಕ್ಷಕರ ಮೂಲಕ ಹೋಗಲಿ. ದಿನಾಂಕ, ಅವಧಿ, ಪಾಠದ ಹೆಸರು, ಕೊಟ್ಟ ಚಟುವಟಿಕೆ, ಆಡಿದ ಮಾತು, ಮುಂದೆ ಏನು ಬದಲಿಸುತ್ತೀರಿ ಎಂಬುದು. ಪಠ್ಯಪುಸ್ತಕದ ಪುಟದ ನಕಲು ಮತ್ತು ಪಾಠ ಯೋಜನೆ ಲಗತ್ತಿಸಿ ಸ್ವೀಕೃತಿ ಪಡೆಯಿರಿ. ಹುಡುಗಿಯ ಹೆಸರಾಗಲಿ ಮನೆಯವರ ಗುಂಪಾಗಲಿ ಅದರಲ್ಲಿ ಬೇಡ. ಟಪಾಲಿನಿಂದ ವಿಷಯ ನಿರ್ವಾಹಕರ ಮೇಜಿನವರೆಗೆ ಆ ಕಾಗದ ಎಷ್ಟೋ ಕೈ ದಾಟುತ್ತದೆ, ತಾಲ್ಲೂಕು ಕೇಂದ್ರದಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದಕ್ಷರ ಉತ್ತರವೂ ಬೇಡ.

ಭೇಟಿ ಮುಖ್ಯಶಿಕ್ಷಕರ ಕೋಣೆಯಲ್ಲಿ, ತಂದೆ ತಾಯಿ ಇಬ್ಬರೂ ಇರುವಾಗ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಬೇಡ, ಹುಡುಗಿಯನ್ನು ಸಾಕ್ಷಿಗೆ ಕರೆಸಲೇಬಾರದು. ಹೇಳಬೇಕಾದ ಮಾತು ಬರೆದುಕೊಟ್ಟೆ: ‘ಮನೆಯವರ ರಕ್ತದ ಗುಂಪನ್ನ ಎಲ್ಲರೆದುರು ಕೇಳಿದ್ದು ತಪ್ಪು, ಕ್ಷಮಿಸಿ. ಕಾರ್ಡ್ ಮೇಲಿನ ಅಕ್ಷರ ನೋಡಿ ಯಾರು ಯಾರ ಮಕ್ಕಳು ಅಂತ ಹೇಳೋಕೆ ಬರಲ್ಲ. ಕ್ಲಾಸಲ್ಲೂ ಇದನ್ನೇ ಹೇಳ್ತೀನಿ.’ ಅಷ್ಟಕ್ಕೆ ನಿಲ್ಲಿಸಬೇಕು. ‘ಹಾಗಾದ್ರೆ ನಮ್ಮದು ಹೇಗೆ?’ ಎಂದು ಅವರು ಕೇಳಿದರೆ, ಅದು ಡಾಕ್ಟರ ಹತ್ತಿರ ಕೇಳುವ ಮಾತು.

ಕ್ಷಮೆ ಕೇಳಿಸಿದ್ದಕ್ಕೆ ಅವರ ಸಹೋದ್ಯೋಗಿಗಳು ನನ್ನ ಮೇಲೆ ಬೇಸರಪಟ್ಟರು. ಪುಸ್ತಕದಲ್ಲೇ ಇರುವಾಗ ತಲೆ ಯಾಕೆ ತಗ್ಗಿಸಬೇಕು ಎಂದರು. ಪುಸ್ತಕದ ಗಂಡಸು ಹೆಂಗಸು ಕಲ್ಪನೆಯವರು. ಚಾರ್ಟಿನಲ್ಲಿದ್ದವರು ಆ ಊರಲ್ಲೇ ಬಾಳಬೇಕಾದವರು. ಕ್ಷಮೆ ಕೇಳಿದ್ದು ಚಟುವಟಿಕೆಗೆ, ಪಾಠಕ್ಕಲ್ಲ. ಪಾಠಕ್ಕೆ ಕ್ಷಮೆ ಕೇಳಿ ಎಂದು ಯಾರೇ ಒತ್ತಡ ಹಾಕಿದ್ದರೂ ಬೇಡ ಎಂದೇ ಹೇಳುತ್ತಿದ್ದೆ. ‘ಮುಂದಿನ ವರ್ಷದಿಂದ ಮನೇಲೇ ಓದ್ಕೊಳ್ಳಿ ಅಂತೀನಿ ಸರ್’ ಎಂದ ಟೀಚರಿಗೂ ಬೇಡವೆಂದೆ. ಬಿಟ್ಟ ಪಾಠ ಹಿಂದಿನ ಬೆಂಚಿನಲ್ಲಿ ಪಿಸುಮಾತಾಗಿ ಮುಂದುವರಿಯುತ್ತದೆ, ಅದನ್ನು ತಿದ್ದುವವರು ಇರುವುದಿಲ್ಲ.

ಅದೇ ವಾರ ಅದೇ ತರಗತಿಯಲ್ಲಿ ಅವರು ಮತ್ತೆ ಪಾಠ ಮಾಡಿದರು, ಕಲ್ಪಿತ ಕುಟುಂಬಗಳೊಂದಿಗೆ. ಎ ಗುಂಪಿನ ಅಪ್ಪನೊಳಗೆ ಒ ಅಡಗಿದ್ದರೆ, ಅಮ್ಮ ಒ ಆಗಿದ್ದರೆ, ಪ್ರತಿ ಮಗುವಿಗೂ ಎ ಅಥವಾ ಒ ಅರ್ಧಕ್ಕರ್ಧ ಸಾಧ್ಯತೆ. ಕೊನೆಗೆ ಕಾರ್ಡುಗಳು ಹೇಗೆ ತಪ್ಪುತ್ತವೆ ಎಂಬ ಹತ್ತು ನಿಮಿಷದ ವಿವರಣೆ, ಯಾರತ್ತಲೂ ನೋಡದೆ. ತರಗತಿಯ ಲೆಕ್ಕವೇ ಬೇಕಿದ್ದರೆ ಹೆಸರಿಲ್ಲದ ಚೀಟಿಯಲ್ಲಿ ಮಕ್ಕಳ ಗುಂಪು ಮಾತ್ರ ಸಾಕು. ಕಿವಿಹಾಲೆ ಅಂಟಿಕೊಂಡಿದೆಯೋ ಬಿಡಿಯಾಗಿದೆಯೋ ಎಂದು ನೋಡುವ ಚಟುವಟಿಕೆಯಲ್ಲೂ ಅಪ್ಪ ಅಮ್ಮನ ಭಾಗವನ್ನು ಕೈಬಿಡುವುದೇ ಲೇಸು. ಅದು ಒಂದೇ ಜೀನಿನ ಲಕ್ಷಣವಲ್ಲ, ಹಲವು ಜೀನುಗಳು ಸೇರಿ ಆಗುವಂಥದ್ದು. ತಾಳೆಯಾಗದ ಮನೆಗಳು ಇದ್ದೇ ಇರುತ್ತವೆ.

ಮೆಮೊ ಅಲ್ಲಿಗೇ ಮುಗಿಯಿತು. ಭೇಟಿಗೆ ತಾಯಿಯೊಬ್ಬರೇ ಬಂದರು. ಮನೆಯವರು ಮತ್ತೆ ಪರೀಕ್ಷೆ ಮಾಡಿಸಿದರೋ ಇಲ್ಲವೋ ಟೀಚರಿಗೆ ಗೊತ್ತಿಲ್ಲ, ಕೇಳಲೂಬೇಡಿ ಎಂದಿದ್ದೇನೆ. ಹುಡುಗಿ ತಾನಾಗಿ ಬಂದು ಹೇಳಿದರೆ ಕೇಳಿಸಿಕೊಳ್ಳಬೇಕು, ಸ್ಟಾಫ್ ರೂಮಿಗೆ ಒಯ್ಯಬಾರದು.