ಕ್ಲಾಸಿಗೆ ದುಡ್ಡಿಲ್ಲದೆ ಬೇಸ್ ಗಿಟಾರ್ ಕಲಿಯಲು ಆಗುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಪಿಯುಸಿ ಮುಗಿದಿದೆ, ಊರು ಹಾವೇರಿ ಹತ್ತಿರ. ಬೇಸ್, ಅಂದರೆ ಹಾಡಿನ ತಗ್ಗಿನ ಸ್ವರಗಳನ್ನು ನುಡಿಸುವ ಗಿಟಾರ್, ಹೇಳಿಕೊಡುವವರು ಸುತ್ತಮುತ್ತ ಯಾರೂ ಇಲ್ಲ. ಇದ್ದರೂ ತಿಂಗಳು ತಿಂಗಳು ಫೀಸು ಕಟ್ಟುವ ಸ್ಥಿತಿ ಇಲ್ಲ. ಕೈಯಲ್ಲಿರುವುದು ಮಾವನ ಮಗನ ಹಳೇ ಅಕೌಸ್ಟಿಕ್ ಗಿಟಾರ್ ಒಂದೇ. ಇಷ್ಟರಲ್ಲಿ ಬೇಸ್ ಕಲಿಯಬಹುದಾ ಅಂತ ಕೇಳಿದ್ದೀರಿ.

ಕಲಿಯಬಹುದು. ನಾನು ಹುಬ್ಬಳ್ಳಿಯಲ್ಲಿ ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಣೇಶ ಹಬ್ಬ, ರಾಜ್ಯೋತ್ಸವದ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತೇನೆ. ಕ್ಲಾಸಿಗೆ ಅಂತ ಒಂದು ರೂಪಾಯಿ ಕೊಟ್ಟವನಲ್ಲ. ಹಾಗಂತ ಗುರು ಬೇಡ ಅನ್ನುತ್ತಿಲ್ಲ. ಯಾವ ಬೆರಳು ಎಲ್ಲಿಡಬೇಕು, ಯಾವ ಸ್ಕೇಲ್ ಹೇಗೆ ಅನ್ನುವುದೆಲ್ಲ ಇವತ್ತು ಪುಕ್ಕಟೆ ಸಿಗುತ್ತದೆ. ಸಿಗದಿರುವುದು ಒಂದೇ: ಪಕ್ಕದಲ್ಲಿ ಕೂತು, "ಈ ಸ್ವರ ತಡವಾಗಿ ಬಿತ್ತು, ಆ ತಂತಿ ಸುಮ್ನೆ ಗುಂಯ್ ಅಂತಿದೆ ನೋಡು" ಅಂತ ಹೇಳುವ ಕಿವಿ. ದುಡ್ಡಿಲ್ಲದವರು ಆ ಕಿವಿಯನ್ನು ಬೇರೆ ದಾರಿಯಲ್ಲಿ ಸಂಪಾದಿಸಬೇಕು. ನಾನು ಬರೆಯುವುದು ಹೆಚ್ಚಾಗಿ ಅದರ ಬಗ್ಗೆಯೇ.

ಮೊದಲು ಆ ಅಕೌಸ್ಟಿಕ್ ಗಿಟಾರಿನ ವಿಷಯ. ಬೇಸ್ ಕೊಳ್ಳುವವರೆಗೆ ಕಾಯಬೇಡಿ, ಇವತ್ತೇ ಶುರು ಮಾಡಿ. ನಾಲ್ಕು ತಂತಿಯ ಬೇಸ್‌ನ ಶ್ರುತಿ ದಪ್ಪ ತಂತಿಯಿಂದ ಹಿಡಿದು ಇ, ಎ, ಡಿ, ಜಿ. ಗಿಟಾರಿನ ದಪ್ಪ ನಾಲ್ಕು ತಂತಿಗಳೂ ಅವೇ. ಬೇಸ್ ಒಂದು ಸ್ಥಾಯಿ ಕೆಳಗಿರುತ್ತದೆ, ಅಷ್ಟೇ. ಅಂದರೆ ಗಿಟಾರಿನಲ್ಲಿ ಕಲಿತ ಸ್ವರದ ಜಾಗಗಳು ನಾಳೆ ಬೇಸ್ ಕೈಗೆ ಬಂದಾಗ ಒಂದೂ ಬದಲಾಗುವುದಿಲ್ಲ. ಅಮೆರಿಕದ ವಿಕ್ಟರ್ ವೂಟನ್ ಇವತ್ತು ಜಗತ್ತಿನ ದೊಡ್ಡ ಬೇಸ್ ವಾದಕರಲ್ಲಿ ಒಬ್ಬರು. ಅವರು ಚಿಕ್ಕ ಮಗುವಾಗಿದ್ದಾಗ ಅಣ್ಣ ರೆಜಿ ತನ್ನದೊಂದು ಗಿಟಾರಿನ ಎರಡು ತಂತಿ ಬಿಚ್ಚಿ ಕೈಗೆ ಕೊಟ್ಟಿದ್ದರಂತೆ. ಅದೇ ಅವರ ಮೊದಲ ಬೇಸ್. ನೀವೂ ಸಣ್ಣ ಎರಡು ತಂತಿ ಬಿಚ್ಚಿಡಿ. ಗಿಟಾರ್ ನಿಮ್ಮದಲ್ಲವಾದ್ದರಿಂದ ಕೇಳಿ ಬಿಚ್ಚಿ.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನಿಂದ ಇಲ್ಲಿಯವರೆಗೆ ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು. ಗಿಟಾರಿನದು ಸುಮಾರು 25. ಹಾಗಾಗಿ ಬೇಸ್‌ನಲ್ಲಿ ಫ್ರೆಟ್‌ಗಳ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳ, ನಡುವೆ ಜಾಗ ಜಾಸ್ತಿ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಒಂದು ಬೆರಳಿಗೆ ಒಂದು ಫ್ರೆಟ್ ಅಂತ ಹಿಗ್ಗಿಸಿದರೆ ಮಣಿಕಟ್ಟು ನೋಯುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಬಳಸಿ ಮೂರೇ ಫ್ರೆಟ್ ಹಿಡಿಯಿರಿ, ಉಂಗುರ ಬೆರಳು ಕಿರುಬೆರಳಿಗೆ ಒತ್ತಾಸೆಯಾಗಿರಲಿ. ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸ್‌ನವರು 19ನೇ ಶತಮಾನದಿಂದ ಹೀಗೇ ಹಿಡಿಯುತ್ತಾ ಬಂದಿದ್ದಾರೆ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರದಲ್ಲಿ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟು ಅಥವಾ ಮೊಣಕೈ ನೋವು ಬಂದರೆ ಅವತ್ತಿಗೆ ನಿಲ್ಲಿಸಿಬಿಡಿ. ಅದನ್ನು ಹಟ ಹಿಡಿದು ದಾಟಲು ಹೋಗಬಾರದು.

ಖರ್ಚು ಮಾಡಲೇಬೇಕು ಅಂದರೆ ವೈರ್ ಇರುವ ಒಂದು ಸಾಧಾರಣ ಇಯರ್‌ಫೋನ್‌ಗೆ ಮಾಡಿ. ಬೇಸ್‌ನ ಓಪನ್ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಸಣ್ಣ ಸ್ಪೀಕರಿಗೆ ಅಷ್ಟು ತಗ್ಗಿನ ಸದ್ದು ಹೊರಡಿಸುವ ಶಕ್ತಿ ಇಲ್ಲ. ಮೊಬೈಲ್ ಸ್ಪೀಕರ್‌ನಲ್ಲಿ ಹಾಡು ಕೇಳಿ "ಬೇಸ್ ಗೊತ್ತೇ ಆಗಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ. ಅವರ ಕಿವಿಯಲ್ಲಿ ಏನೂ ದೋಷ ಇಲ್ಲ, ಸದ್ದು ಅಲ್ಲಿ ಬರುತ್ತಲೇ ಇಲ್ಲ.

ಇನ್ನು ಪುಕ್ಕಟೆ ಪಾಠಗಳು. ಸ್ಟಡಿಬೇಸ್ ಅಂತ ಒಂದು ಜಾಲತಾಣ ಇದೆ, ಆಂಡ್ರ್ಯೂ ಪೌಸ್ಕಾ ಅನ್ನುವವರು ಮಾಡಿದ್ದು. ಬೇಸ್ ತೊಡೆಯ ಮೇಲೆ ಇಟ್ಟುಕೊಳ್ಳುವುದರಿಂದ ಶುರುವಾಗಿ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಲೆಕ್ಕದವರೆಗೆ ಕ್ರಮವಾಗಿ ಇದೆ. ಸರಳ ಇಂಗ್ಲಿಷ್, ಪಿಯುಸಿ ಓದಿದವರಿಗೆ ಕಷ್ಟವಾಗುವುದಿಲ್ಲ. ಯೂಟ್ಯೂಬ್‌ನಲ್ಲಿ ಬೇಸ್‌ಬಜ್, ಟಾಕಿಂಗ್‌ಬೇಸ್ ಚಾನೆಲ್‌ಗಳು ಹೊಸಬರಿಗೆ ಚೆನ್ನಾಗಿವೆ. ಆದರೆ ಒಂದನ್ನೇ ಹಿಡಿದು ಕೆಲವು ತಿಂಗಳು ಹೋಗಿ. ಇವತ್ತು ಒಬ್ಬರ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆಯುವ) ವಿಡಿಯೋ, ನಾಳೆ ಇನ್ನೊಬ್ಬರ ಸೋಲೋ ಅಂತ ತಿರುಗಿದರೆ ನೋಡಿದ್ದು ಜಾಸ್ತಿ, ನುಡಿಸಿದ್ದು ಕಡಿಮೆ ಆಗುತ್ತದೆ.

ನಮಗೊಂದು ಅನುಕೂಲ ಇದೆ. ಶಾಲೆಯಲ್ಲೋ ಭಜನೆಯಲ್ಲೋ ಸ ರಿ ಗ ಮ ಕಿವಿಗೆ ಬಿದ್ದಿರುತ್ತದಲ್ಲಾ, ಅದನ್ನೇ ಬಳಸಿ. ಎ ತಂತಿಯ 3ನೇ ಫ್ರೆಟ್ ಒತ್ತಿ, ಅದು ನಿಮ್ಮ ಸ ಅಂದುಕೊಳ್ಳಿ. ಪಕ್ಕದ ಸಣ್ಣ ತಂತಿಯಲ್ಲಿ, ಅಂದರೆ ಡಿ ತಂತಿಯಲ್ಲಿ, ಎರಡು ಫ್ರೆಟ್ ಮುಂದೆ, 5ನೆಯದರಲ್ಲಿ ಪ. ಅದರ ಪಕ್ಕದ ಜಿ ತಂತಿಯ 5ನೇ ಫ್ರೆಟ್ ಮೇಲಿನ ಸ. ದಪ್ಪ ಇ ತಂತಿಯ 3ನೇ ಫ್ರೆಟ್ ಕೆಳಗಿನ ಪ. ಈ ಆಕಾರವನ್ನು ಹಾಗೇ ಎತ್ತಿಕೊಂಡು ಯಾವ ಫ್ರೆಟ್‌ಗೆ ಹೋದರೂ ಸಂಬಂಧ ಬದಲಾಗುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಹಾಡುವವರು ಕೊನೇ ಗಳಿಗೆಯಲ್ಲಿ "ಅರ್ಧ ಮನೆ ಇಳಿಸಿ" ಅಂದರೆ ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತಾರೆ, ನಾವು ಕೈಯನ್ನು ಒಂದು ಫ್ರೆಟ್ ಹಿಂದೆ ಸರಿಸುತ್ತೇವೆ. ಈ ಸ–ಪ–ಸ ಒಂದರಿಂದಲೇ ಎಷ್ಟೋ ಹಾಡುಗಳನ್ನು ದಡ ಸೇರಿಸಬಹುದು. ಆಮೇಲೆ ಮೋಹನ ರಾಗದ ಐದು ಸ್ವರ ಸೇರಿಸಿ. ಪಾಶ್ಚಾತ್ಯರು ಮೇಜರ್ ಪೆಂಟಾಟೋನಿಕ್ ಅನ್ನುವುದು ಅದನ್ನೇ. ಮೈನರ್ ಪೆಂಟಾಟೋನಿಕ್ ಅಂದರೆ ನಮ್ಮ ಶುದ್ಧ ಧನ್ಯಾಸಿಯ ಸ್ವರಗಳು. ಹಾಡಿ ನುಡಿಸಿ. ಬಾಯಲ್ಲಿ ಬಂದ ಸ್ವರ ಬೆರಳಿಗೆ ಬೇಗ ಬರುತ್ತದೆ.

ಈಗ ಹಾಡು ಹಿಡಿಯುವುದು. ನಿಜವಾದ ಕಲಿಕೆ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ. ನಿಧಾನವಾದ, ಮೂರು ನಾಲ್ಕು ಕಾರ್ಡ್ ಇರುವ ಒಂದು ಹಾಡು ಆರಿಸಿ. ಸಾಹಿತ್ಯವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಇಯರ್‌ಫೋನ್ ಹಾಕಿ ಕೇಳುತ್ತಾ, ಕೆಳಗಿನ ಸ್ವರ ಎಲ್ಲಿ ಬದಲಾಯಿತು ಅನಿಸುತ್ತದೋ ಆ ಅಕ್ಷರದ ಮೇಲೆ ಒಂದು ಗೀಟು ಹಾಕಿ. ಇನ್ನೂ ಗಿಟಾರ್ ಮುಟ್ಟಬೇಡಿ. ಎರಡನೇ ಸಲ ಪ್ರತಿ ಗೀಟಿನ ಸ್ವರವನ್ನು ಗುನುಗಿ. ಮೂರನೇ ಸಲ ಗುನುಗಿದ್ದನ್ನು ತಂತಿಯಲ್ಲಿ ಹುಡುಕಿ. ಒಂದು ಬದಲಾವಣೆಗೆ ಒಂದೇ ಸ್ವರ ಇಟ್ಟುಕೊಂಡು ಇಡೀ ಹಾಡು ನುಡಿಸಿ. ಬೇಸ್ ವಾದಕ ನಿಜವಾಗಿ ಏನು ನುಡಿಸಿದ್ದಾನೆ ಅನ್ನುವುದು ಆಮೇಲಿನ ಮಾತು. ಯೂಟ್ಯೂಬ್‌ನಲ್ಲಿ ವೇಗ 0.75ಕ್ಕೋ 0.5ಕ್ಕೋ ಇಳಿಸಿದರೆ ಶ್ರುತಿ ಬದಲಾಗುವುದಿಲ್ಲ, ನಿಧಾನ ಮಾತ್ರ ಆಗುತ್ತದೆ. ಎಲ್ಲಾದರೂ ಕಂಪ್ಯೂಟರ್ ಸಿಕ್ಕರೆ ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಹಾಡಿನ ಶ್ರುತಿಯನ್ನೇ ಒಂದು ಸ್ಥಾಯಿ ಏರಿಸಿ ಕೇಳಿದರೆ ಹಾಡುವವರ ದನಿ ಕೀರಲಾಗುತ್ತದೆ, ಬೇಸ್ ಮಾತ್ರ ಸ್ಪಷ್ಟವಾಗಿ ಮೇಲೆ ಬಂದು ಕೇಳಿಸುತ್ತದೆ. ನಿಮ್ಮ ಗಿಟಾರ್ ಹೇಗೂ ಬೇಸ್‌ಗಿಂತ ಒಂದು ಸ್ಥಾಯಿ ಮೇಲೆ ಇರುವುದರಿಂದ ಜೊತೆಗೆ ನುಡಿಸಲೂ ಸರಿಹೋಗುತ್ತದೆ.

ಸ್ವಲ್ಪ ಪಳಗಿದ ಮೇಲೆ ಇಳಯರಾಜ ಅವರು 1980ರ ದಶಕದಲ್ಲಿ ಕನ್ನಡಕ್ಕೆ ಮಾಡಿದ ಹಾಡುಗಳನ್ನು ಇದೇ ರೀತಿ ಕೇಳಿ. ನನಗೆ ಅವುಗಳ ಮೇಲೆ ಮುಗಿಯದ ಪ್ರೀತಿ. ಬೇಸ್ ಅಲ್ಲಿ ಬರೀ ತಳ ಕಟ್ಟುವುದಿಲ್ಲ, ಹಾಡಿನ ಕೆಳಗೆ ತಾನೇ ಇನ್ನೊಂದು ರಾಗ ಹಾಡುತ್ತಾ ಹೋಗುತ್ತದೆ. ಮೊದಲ ದಿನಕ್ಕೆ ಅವು ಬೇಡ, ಆದರೆ ಒಂದು ಪಲ್ಲವಿ ಪೂರ್ತಿ ಹಿಡಿದ ದಿನ ನಿಮಗೆ ಆಗುವ ಖುಷಿ ಯಾವ ಕ್ಲಾಸೂ ಕೊಡಲಾರದು.

ಕೈ ಹಿಡಿಯುವ ಶೈಲಿ ಬಗ್ಗೆ ಅಲ್ಲಲ್ಲಿ ಜಗಳ ಓದುತ್ತೀರಿ. ತಲೆ ಕೆಡಿಸಿಕೊಳ್ಳಬೇಡಿ. ತೋರುಬೆರಳು, ನಡುಬೆರಳು ಒಂದಾದ ಮೇಲೆ ಒಂದು ಮೀಟುವುದರಿಂದ ಶುರು ಮಾಡಿ, ಸಾಕು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಅಮೆರಿಕದವರೇ ಆದ ಕ್ಯಾರಲ್ ಕೇ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್‌ನವರು ಬರಲಿಲ್ಲ ಅಂತ ಬೇಸ್ ಎತ್ತಿಕೊಂಡರು, ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದೇ ಸಾವಿರಾರು ರೆಕಾರ್ಡಿಂಗ್ ಮುಗಿಸಿದರು. ಇಬ್ಬರ ಕೈ ಬೇರೆ ಬೇರೆ, ತಾಳ ಮಾತ್ರ ಇಬ್ಬರದೂ ಕಲ್ಲಿನ ಹಾಗೆ ಗಟ್ಟಿ.

ಆ ತಾಳಕ್ಕೆ ಬರೋಣ. ಒಂದೇ ಸಮ ಟಿಕ್ ಟಿಕ್ ಅಂತ ಏಟು ಕೊಡುವ ಮೆಟ್ರೋನೋಮ್ ಆ್ಯಪ್ ಪುಕ್ಕಟೆ ಸಿಗುತ್ತದೆ. ನಿಮಿಷಕ್ಕೆ 60 ಏಟಿಗೆ ಇಟ್ಟು ಒಂದೇ ಸ್ವರವನ್ನು ಪ್ರತಿ ಏಟಿಗೂ ನುಡಿಸಿ. ಅದು ಸಲೀಸಾದ ಮೇಲೆ ಮೆಟ್ರೋನೋಮ್‌ನ ಏಟನ್ನು ಎರಡು ಮತ್ತು ನಾಲ್ಕನೇ ಎಣಿಕೆ ಅಂದುಕೊಳ್ಳಿ. ಒಂದು ಮತ್ತು ಮೂರು ನಿಮ್ಮೊಳಗಿಂದ ಬರಬೇಕು. ಶುರುವಿನಲ್ಲಿ ಕಷ್ಟ, ಆದರೆ ಡ್ರಮ್ಮರ್ ಜೊತೆ ನುಡಿಸುವ ದಿನ ಇದರ ಬೆಲೆ ಗೊತ್ತಾಗುತ್ತದೆ. ಒಂದು ಏಟಿನೊಳಗಿನ ನಾಲ್ಕು ಭಾಗಕ್ಕೆ ಬಾಯಲ್ಲಿ ತಕಧಿಮಿ ಹೇಳಿ, ಮೂರು ಭಾಗಕ್ಕೆ ತಕಿಟ. 'ತ' ಮೇಲೆ ಒಂದು, 'ಮಿ' ಮೇಲೆ ಒಂದು ಸ್ವರ ಇಟ್ಟು ನೋಡಿ, ಎಷ್ಟೋ ಹಾಡುಗಳ ನಡೆ ಅದರಲ್ಲೇ ಸಿಗುತ್ತದೆ. ಹೊರಗಿನ ವಿಡಿಯೋಗಳೆಲ್ಲ ನಾಲ್ಕರ ಎಣಿಕೆಯಿಂದ ಶುರುವಾಗುತ್ತವೆ. ನಮ್ಮ ಜಾನಪದ ಗೀತೆಗಳಲ್ಲಿ ತಕಿಟ ತಕಿಟ ನಡೆ ತುಂಬಾ ಇರುತ್ತದೆ. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿ, ಊರ ಸ್ಟೇಜ್ ಮೇಲೆ ಮೊದಲು ಕೇಳುವುದೇ ಅಂಥ ಹಾಡು.

ಈಗ ಆ ಹೊರಗಿನ ಕಿವಿ. ನಿಮ್ಮ ಫೋನಿನ ವಾಯ್ಸ್ ರೆಕಾರ್ಡರ್ ಅದರಲ್ಲಿ ಅರ್ಧ ಕೆಲಸ ಮಾಡುತ್ತದೆ. ಮೆಟ್ರೋನೋಮ್ ಸದ್ದು, ನಿಮ್ಮ ನುಡಿಸಾಣಿಕೆ ಎರಡೂ ಬರುವ ಹಾಗೆ ಎರಡು ನಿಮಿಷ ರೆಕಾರ್ಡ್ ಮಾಡಿ. ಆಗಲೇ ಕೇಳಬೇಡಿ, ಮಾರನೇ ದಿನ ಕೇಳಿ. ನುಡಿಸುವಾಗ ಮನಸ್ಸು ಬೆರಳಿನ ಮೇಲಿರುತ್ತದೆ, ಮಾರನೇ ದಿನ ಪೂರ್ತಿ ಸದ್ದಿನ ಮೇಲಿರುತ್ತದೆ. ಸ್ವರ ಏಟಿಗಿಂತ ಮುಂಚೆ ಬೀಳುತ್ತಿದೆಯಾ, ಆಮೇಲೆ ಬೀಳುತ್ತಿದೆಯಾ ನೋಡಿ. ಅದಕ್ಕಿಂತ ಮುಖ್ಯವಾಗಿ ಸ್ವರ ಎಲ್ಲಿ ನಿಲ್ಲುತ್ತಿದೆ ಅಂತ ಕೇಳಿ. ಹೊಸಬರು ಸ್ವರ ಶುರು ಮಾಡುವುದನ್ನು ಮಾತ್ರ ಕಲಿಯುತ್ತಾರೆ, ನಿಲ್ಲಿಸುವುದನ್ನು ಯಾರೂ ಹೇಳಿಕೊಡುವುದಿಲ್ಲ. ಒತ್ತಿದ ಬೆರಳನ್ನು ಪೂರ್ತಿ ಎತ್ತದೆ, ತಂತಿಗೆ ತಾಗಿಸಿಕೊಂಡೇ ಸಡಿಲಿಸಿದರೆ ಸ್ವರ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಸಣ್ಣ ತಂತಿಗಳಲ್ಲಿ ನುಡಿಸುವಾಗ ಬಲಗೈ ಹೆಬ್ಬೆರಳು ದಪ್ಪ ತಂತಿಯ ಮೇಲೆ ಒರಗಿರಲಿ, ಇಲ್ಲದಿದ್ದರೆ ಅದು ತನ್ನಷ್ಟಕ್ಕೆ ಗುಂಯ್‌ಗುಡುತ್ತದೆ. ಅಕೌಸ್ಟಿಕ್ ಗಿಟಾರಿನಲ್ಲಿ ಇದು ಅಷ್ಟು ಕೇಳಿಸುವುದಿಲ್ಲ. ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿದ ಬೇಸ್‌ನಲ್ಲಿ ಇಡೀ ಸ್ಟೇಜ್ ಕಲಸಿಹೋಗುತ್ತದೆ. ಅಭ್ಯಾಸ ಈಗಲೇ ಆಗಿರಲಿ.

ಉಳಿದರ್ಧ ಕಿವಿ ಮನುಷ್ಯರದ್ದೇ ಆಗಬೇಕು. ಊರೂರಲ್ಲಿ ಗಿಟಾರ್ ಹುಡುಗರು ಸಿಗುತ್ತಾರೆ, ಬೇಸ್ ನುಡಿಸುವವರು ಸಿಗುವುದಿಲ್ಲ. ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ಹೊಡೆಯುತ್ತಾರೆ. ಹಾಗಾಗಿ ಕಲಿಯುವ ಆಸೆ ಇರುವವರನ್ನು ಯಾರೂ ಓಡಿಸುವುದಿಲ್ಲ. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಕಾರ್ಯಕ್ರಮ ಇದ್ದ ದಿನ ಸಂಜೆಯೇ ಹೋಗಿ. ಸ್ಪೀಕರ್ ಇಳಿಸಲು, ವೈರ್ ಎಳೆಯಲು ಕೈ ಜೋಡಿಸಿ. ಸೌಂಡ್ ಚೆಕ್ ಮುಗಿದು ಕಾರ್ಯಕ್ರಮ ಶುರುವಾಗುವವರೆಗೆ ವಾದ್ಯದವರು ಸುಮ್ನೆ ಕೂತಿರುತ್ತಾರೆ. ಆಗ "ಅಣ್ಣಾ, ಈ ಬಿಟ್ ಹೆಂಗ ಬಾರಿಸೋದು, ಒಂದ್ಸಲ ತೋರಸ್ರಿ" ಅಂತ ಕೇಳಿ. ನನಗೆ ಹೀಗೇ ಒಬ್ಬರು ಹಿರಿಯರು ಎಡಗೈ ಹೆಬ್ಬೆರಳು ನೆಕ್ (ವಾದ್ಯದ ಕುತ್ತಿಗೆ) ಹಿಂದೆ ಎಲ್ಲಿ ಇರಬೇಕು ಅಂತ ಹಿಡಿದು ತೋರಿಸಿದರು. ವಿಡಿಯೋಗಳಲ್ಲಿ ನೋಡಿದ್ದೆ, ಆದರೂ ಅವತ್ತೇ ತಿಳಿದದ್ದು. ಚರ್ಚ್‌ಗಳಲ್ಲಿ ಕಾಯರ್ (ಹಾಡುವ ತಂಡ) ಅಭ್ಯಾಸ ವಾರ ವಾರ ನಡೆಯುತ್ತದೆ, ಅಲ್ಲೂ ಒಮ್ಮೆ ಕೇಳಿ ನೋಡಿ. ಕೀಬೋರ್ಡ್, ಡ್ರಮ್ ಜೊತೆ ವಾರಕ್ಕೊಮ್ಮೆ ನುಡಿಸಲು ಸಿಕ್ಕರೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಮುಂದೆ ಬೇಸ್ ಕೊಳ್ಳುವಾಗ ಹಳೆಯದನ್ನೇ ನೋಡಿ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ. ನಡುವೆ ಕಾಗದದಷ್ಟು ಸಂದಿ ಇದ್ದರೆ ನೆಕ್ ಸರಿ ಇದೆ. ಪ್ರತಿ ಫ್ರೆಟ್ ಒತ್ತಿ ಕೇಳಿ, ಶ್ರುತಿ ಮಾಡುವ ಕೀಗಳು ಜಾರುತ್ತವಾ ನೋಡಿ. ವೈರ್ ಚುಚ್ಚುವ ಜ್ಯಾಕ್ ಕರಕರ ಅಂದರೆ ಹೆದರಬೇಡಿ, ಸಾಮಾನ್ಯವಾಗಿ ಒಂದು ಬೆಸುಗೆಯ ಕೆಲಸ ಅಷ್ಟೇ. ಆದರೆ ಅದನ್ನು ತೋರಿಸಿ ಬೆಲೆ ಇಳಿಸಿ. ನೆಕ್ ತಿರುಚಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಆಂಪ್ ತಕ್ಷಣಕ್ಕೆ ಬೇಡ. ಬೇಸ್‌ನ ತಲೆ ಭಾಗವನ್ನು ಮರದ ಕಪಾಟಿಗೆ ತಾಗಿಸಿ ನುಡಿಸಿದರೆ ಕಪಾಟೇ ಸದ್ದು ಮಾಡುತ್ತದೆ. ಮನೆಯ ಟೇಪ್ ಅಥವಾ ಹೋಮ್ ಥಿಯೇಟರ್‌ಗೆ ಚುಚ್ಚಿ ಜೋರಾಗಿ ನುಡಿಸಬೇಡಿ, ಸ್ಪೀಕರ್ ಹರಿಯಬಹುದು. ಬೇಸ್ ತಂತಿ ದುಬಾರಿ. ಮಂಕಾದರೆ ಬಿಚ್ಚಿ ಕೆಲವು ನಿಮಿಷ ನೀರಿನಲ್ಲಿ ಕುದಿಸಿ, ಒಂದು ಹನಿಯೂ ಉಳಿಯದ ಹಾಗೆ ಒರೆಸಿ ಒಣಗಿಸಿ ಮತ್ತೆ ಹಾಕಿ. ಜಿಡ್ಡು, ಕೊಳೆ ಬಿಟ್ಟು ದನಿ ಸ್ವಲ್ಪ ಕಾಲ ವಾಪಸ್ ಬರುತ್ತದೆ.

ಟ್ಯೂನರ್ ಆ್ಯಪ್ ಕೆಲವೊಮ್ಮೆ ಬೇಸ್‌ನ ದಪ್ಪ ತಂತಿಯನ್ನು ಗುರುತಿಸುವುದಿಲ್ಲ. ಆಗ 12ನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ ಮುಟ್ಟಿ ಮೀಟಿ, ಒಂದು ಸ್ಥಾಯಿ ಮೇಲಿನ ಸ್ವರ ಬರುತ್ತದೆ, ಅದಕ್ಕೆ ಶ್ರುತಿ ಮಾಡಿ.

ನಿಮಗೆ ಇಷ್ಟವಾದ ಮೂರು ಹಾಡುಗಳ ಹೆಸರು ಕೆಳಗೆ ಬರೆಯಿರಿ. ಅವುಗಳಲ್ಲಿ ಯಾವುದರಿಂದ ಶುರು ಮಾಡಬೇಕು, ಸ್ವರ ಎಲ್ಲೆಲ್ಲಿ ಬದಲಾಗುತ್ತದೆ ಅಂತ ಭಾನುವಾರ ಅಂಗಡಿ ರಜೆ ಇದ್ದಾಗ ಕೂತು ಬರೆದು ಹಾಕುತ್ತೇನೆ. ಆದರೆ ಗೀಟು ಹಾಕುವ ಕೆಲಸ ಮೊದಲು ನೀವು ಮಾಡಿರಬೇಕು. ನಿಮ್ಮದು, ನನ್ನದು ಎಲ್ಲಿ ಬೇರೆ ಆಗುತ್ತದೋ ಅಲ್ಲಿಂದ ಮಾತಾಡೋಣ.