ಗೆರೆ ಎಳೆದರೆ ಕಾರಣ ಸಿಕ್ಕೀತೇ?

ಪತ್ರ: ನಾಲ್ಕನೇ ತರಗತಿಯ ಮಕ್ಕಳಿಗೆ ಕಾರಣ-ಪರಿಣಾಮ ಹೇಳಿಕೊಡುವಾಗ ‘ಏಕೆಂದರೆ’, ‘ಆದ್ದರಿಂದ’ ಬಂದ ಕಡೆ ಗೆರೆ ಎಳೆಸುತ್ತೇನೆ. ಎರಡು ಚೌಕ ಹಾಕಿಸಿ ಒಂದರಲ್ಲಿ ಕಾರಣ, ಇನ್ನೊಂದರಲ್ಲಿ ಪರಿಣಾಮ ಬರೆಸುತ್ತೇನೆ. ಎಲ್ಲರಿಗೂ ಪೂರ್ತಿ ಅಂಕ. ಆದರೆ ಹೊಸ ಕಥೆ ಓದಿಸಿ ‘ಹುಡುಗ ಯಾಕೆ ಅತ್ತ?’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಅಭ್ಯಾಸದ ಹಾಳೆ ಇನ್ನೂ ಜಾಸ್ತಿ ಮಾಡಿಸಬೇಕೇ? – ಒಬ್ಬ ಶಿಕ್ಷಕಿ, ಅರಕಲಗೂಡು ತಾಲ್ಲೂಕು

ಸಂಪಾದಕರ ಉತ್ತರ: ಬೇಡ ಮೇಡಂ. ಇರುವ ಹಾಳೆಗಳನ್ನೇ ಕಡಿಮೆ ಮಾಡಿ.

ಗೆರೆ ಎಳೆಸುವುದು ತಪ್ಪೇನಲ್ಲ. ಮೊದಲ ನಾಲ್ಕಾರು ದಿನ ಅದೂ ಬೇಕು. ಆದರೆ ಅಲ್ಲಿ ಮಗು ಹುಡುಕುವುದು ಪದವನ್ನು, ಕಾರಣವನ್ನಲ್ಲ. ‘ಆದ್ದರಿಂದ’ದ ಹಿಂದಿದ್ದದ್ದು ಮೊದಲ ಚೌಕಕ್ಕೆ, ಮುಂದಿದ್ದದ್ದು ಎರಡನೆಯದಕ್ಕೆ. ವಾಕ್ಯದ ತಲೆಬುಡ ಗೊತ್ತಾಗದಿದ್ದರೂ ಅಂಕ ಬರುತ್ತೆ. ಕಥೆ ಬರೆಯುವವರು ಆ ಪದಗಳನ್ನು ಬೇಕೆಂತಲೇ ಬಿಡುತ್ತಾರೆ. ಓದುವವರು ತಾವೇ ಸೇರಿಸಿಕೊಳ್ಳಲಿ ಅಂತ.

ಈ ಎರಡು ಸಾಲು ನೋಡಿ. ‘ಶನಿವಾರ ರಾತ್ರಿ ಒಳ್ಳೆ ಮಳೆ ಹೊಡೆಯಿತು. ಮುಂದಿನ ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗಾಗಿತ್ತು.’ ಸಕಲೇಶಪುರದ ಮಗುವಿಗೆ ಏನೂ ವಿವರಿಸಬೇಕಿಲ್ಲ. ಹೂಮಳೆ ಬಿತ್ತು, ಎಂಟು-ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟಿತು. ಮೂಡಿಗೆರೆ ಕಡೆಯ ಚುರುಕು ಮಗುವಾದರೆ, ಇದರ ಹಿಂದೆ ಇನ್ನೊಂದು ಮಳೆ ಬರದಿದ್ದರೆ ಸರಿಯಾಗಿ ಕಾಯಿ ಕಚ್ಚಲ್ಲ ಅಂತಲೂ ಸೇರಿಸೀತು! ಅದೇ ಸಾಲುಗಳನ್ನು ಅರಸೀಕೆರೆಯ ತೆಂಗಿನ ಸೀಮೆಯ ಮಗುವಿಗೆ ಕೊಡಿ. ತೋಟ ಬೆಳ್ಳಗಾಗೋದು ಹೇಗೆ ಅಂತ ಕಣ್ಣು ಕಣ್ಣು ಬಿಡುತ್ತದೆ. ಅದಕ್ಕೆ ಬುದ್ಧಿ ಕಡಿಮೆ ಅಂತಲ್ಲ. ಕೊಂಡಿ ಹಾಕಲು ಬೇಕಾದ ಸಂಗತಿ ಗೊತ್ತಿಲ್ಲ, ಅಷ್ಟೇ. ನಿಮ್ಮ ಮಕ್ಕಳು ಸುಮ್ಮನಾಗುವುದಕ್ಕೂ ಇದೇ ಕಾರಣ ಇರಬಹುದು. ಓದಿಸುವ ಮೊದಲು ಆ ವಿಷಯದ ಬಗ್ಗೆ ಐದು ನಿಮಿಷ ಸುಮ್ನೆ ಮಾತಾಡಿಸಿ ನೋಡಿ.

ನಿಮ್ಮದು ಆಲೂಗಡ್ಡೆ ಬೆಳೆಯುವ ತಾಲ್ಲೂಕು. ಹೀಗೆ ಬರೆದುಕೊಡಿ: ‘ವಾರವಿಡೀ ಮೋಡ, ಜಿಟಿಜಿಟಿ ಮಳೆ. ಆಲೂಗಡ್ಡೆ ಎಲೆ ಕಪ್ಪಾಯಿತು. ಅಪ್ಪ ಈ ಸಲ ಜಾತ್ರೆಗೆ ಬಟ್ಟೆ ಬೇಡ ಅಂದರು. ಹುಡುಗ ಅತ್ತ.’ ಇದರಲ್ಲಿ ಒಂದೇ ಒಂದು ‘ಆದ್ದರಿಂದ’ ಇಲ್ಲ. ಆದರೂ ನಿಮ್ಮ ಮಕ್ಕಳು ಹೇಳುತ್ತಾರೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಆಮೇಲೆ ಒಂದು ತುಂಟ ಪ್ರಶ್ನೆ ಹಾಕಿ. ಎಲೆ ಕಪ್ಪಾಗಿದ್ದು ಮೋಡದಿಂದಲೇನಾ?

ಈ ಪ್ರಶ್ನೆಗೆ ದೊಡ್ಡ ದೊಡ್ಡವರೇ ಮುಗ್ಗರಿಸಿದ್ದಾರೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಮಹಾ ಕ್ಷಾಮ ತಂದದ್ದು ಹೀಗೆ ಎಲೆ ಕಪ್ಪಾಗಿಸುವ ಅಂಗಮಾರಿ ರೋಗವೇ. ಎಲೆಯ ಮೇಲೆ ಬೂಷ್ಟು ಎಲ್ಲರಿಗೂ ಕಾಣುತ್ತಿತ್ತು. ಕೆಟ್ಟ ಹವೆಗೆ ಗಿಡ ಕೊಳೆಯಿತು, ಕೊಳೆತದ್ದಕ್ಕೆ ಬೂಷ್ಟು ಹಿಡಿಯಿತು ಎಂದರು ಆ ಕಾಲದ ಬಹಳ ಪಂಡಿತರು. ಉಲ್ಟಾ ಸ್ವಾಮಿ, ಬೂಷ್ಟು ಹಿಡಿದದ್ದಕ್ಕೇ ಗಿಡ ಕೊಳೆಯಿತು ಎಂದು ಮೈಲ್ಸ್ ಬರ್ಕ್ಲಿ ಎಂಬ ಇಂಗ್ಲಿಷ್ ಪಾದ್ರಿ 1846ರಲ್ಲಿ ವಾದಿಸಿದರು. ಹೆಚ್ಚಿನವರು ಒಪ್ಪಲಿಲ್ಲ. ಕೊನೆಗೆ 1861ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಡಿ ಬ್ಯಾರಿ, ಪಾದ್ರಿ ಹೇಳಿದ್ದೇ ಸರಿ ಎಂದು ಪ್ರಯೋಗ ಮಾಡಿ ತೋರಿಸಿದರು. ಅಂದರೆ ಪಂಡಿತರೇ ಹದಿನೈದು ವರ್ಷ ತಪ್ಪು ಚೌಕದಲ್ಲಿ ಬರೆದುಕೊಂಡು ಕೂತಿದ್ದರು. ನಿಮ್ಮ ಒಂಬತ್ತು ವರ್ಷದ ಮಕ್ಕಳಿಗೆ ತಪ್ಪು ಹೇಳಲು ಒಂದು ಪೀರಿಯಡ್ ಕೊಡಬಾರದೇ?

ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅನ್ನುತ್ತೇವಲ್ಲ, ಅದನ್ನೂ ಮಕ್ಕಳ ಮುಂದಿಡಿ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಗುತ್ತದೆ ಎಂದು ಬೀಗಿದ ಅಜ್ಜಿಯ ಕಥೆ ಹೇಳಿ. ಆಮೇಲಾದದ್ದೆಲ್ಲ ಅದರಿಂದಲೇ ಆದದ್ದಲ್ಲ ಅಂತ ತಿಳಿಸಲು ಇದಕ್ಕಿಂತ ಒಳ್ಳೆ ಪಾಠ ಯಾವ ಅಭ್ಯಾಸ ಪುಸ್ತಕದಲ್ಲೂ ಇಲ್ಲ. ಟಾಮ್ ಟ್ರಬಾಸೊ, ಪಾಲ್ ವಾನ್ ಡೆನ್ ಬ್ರೂಕ್ ಎಂಬ ಸಂಶೋಧಕರು 1985ರಲ್ಲೇ ತೋರಿಸಿದ್ದಾರೆ: ಕಥೆಯಲ್ಲಿ ಯಾವ ಘಟನೆಗೆ ಕಾರಣದ ಕೊಂಡಿಗಳು ಜಾಸ್ತಿಯೋ ಅದೇ ಓದಿದವರ ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ. ನಮ್ಮ ಅಜ್ಜಿಯರಿಗೆ ಇದು ಓದದೆಯೇ ಗೊತ್ತಿತ್ತು. ಅದಿರಲಿ.

ನಿಮ್ಮ ಮೇಲೆ ನನಗೆ ಒಂದೇ ಆಕ್ಷೇಪ. ‘ಎಲ್ಲರಿಗೂ ಪೂರ್ತಿ ಅಂಕ’ ಬಂದಾಗಲೇ ನಿಮಗೆ ಅನುಮಾನ ಬರಬೇಕಿತ್ತು. ಪೂರ್ತಿ ತಪ್ಪು ನಿಮ್ಮದೂ ಅಲ್ಲ ಬಿಡಿ. ಪ್ರಶ್ನೆಗೆ ಮೊದಲೇ ಉತ್ತರ ಅಚ್ಚು ಹಾಕಿ ಗೈಡು ಮಾರುವ ಊರಿನಲ್ಲಿ ‘ಯಾಕೆ’ ಎಂದು ಕೇಳುವ ಮಗು ತರಲೆ ಅನ್ನಿಸಿಕೊಳ್ಳುತ್ತದೆ. ಆ ಮಕ್ಕಳೇ ಮುಂದೆ ವರದಿಗಾರರಾಗುತ್ತಾರೆ. ಶಿರಾಡಿ ಘಾಟಿಯಲ್ಲಿ ಮಣ್ಣು ಜರುಗಿದರೆ ‘ಭಾರಿ ಮಳೆಗೆ ಗುಡ್ಡ ಕುಸಿತ’ ಎಂದು ಬರೆದು ಮುಗಿಸುತ್ತಾರೆ. ಆ ಗುಡ್ಡದಲ್ಲಿ ಮಳೆ ಹಿಂದೆ ಬರುತ್ತಿರಲಿಲ್ಲವೇ? ರಸ್ತೆಗೆಂದು ಗುಡ್ಡದ ಬುಡ ಕಡಿದದ್ದು ಯಾರು, ಎಷ್ಟು ನೆಟ್ಟಗೆ ಕಡಿದರು? ಆ ಸಾಲು ಪತ್ರಿಕೆಯಲ್ಲಿ ಇರುವುದಿಲ್ಲ. ಓದುಗರೂ ಕೇಳುವುದಿಲ್ಲ. ಮಳೆಯ ಮೇಲೆ ಯಾರೂ ಕೇಸು ಹಾಕೋಕಾಗಲ್ಲ, ಅಲ್ವಾ?

ಆಲೂಗಡ್ಡೆಯ ನಾಲ್ಕು ಸಾಲು ಕೊಟ್ಟು ಮಕ್ಕಳು ಏನೇನು ಬರೆದರು ಅಂತ ನಮಗೆ ಕಳಿಸಿಕೊಡಿ. ಕೆಂಪು ಪೆನ್ನು ಮುಟ್ಟಿಸಬೇಡಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ತೆಗೆದಿಟ್ಟಿರುತ್ತೇನೆ.